ನೆಟ್‌ವರ್ಕ್ ಸಿಗದ ದಾರಿಗೆ ಹ್ಯಾಂಡ್‌ಹೆಲ್ಡ್ ಜಿಪಿಎಸ್ ಮತ್ತು ಲ್ಯಾಪ್‌ಟಾಪ್: ಆರಿಸುವುದು ಹೇಗೆ, ಜೋಡಿಸುವುದು ಹೇಗೆ

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೋ, ಶೃಂಗೇರಿ ದಾಟಿ ಕೆರೆಕಟ್ಟೆ ಕಡೆಗೋ ಹೊರಟವರಿಗೆಲ್ಲ ಇದು ಗೊತ್ತು. ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಹೋಗುತ್ತವೆ. ಮ್ಯಾಪ್ ಮೇಲೆ ನೀಲಿ ಚುಕ್ಕೆ ಇರುತ್ತದೆ, ಸುತ್ತ ರಸ್ತೆಯೇ ಇಲ್ಲ, ಬರೀ ಬೂದು ಬಣ್ಣ. "ಜಿಪಿಎಸ್ ಹೋಯ್ತು" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ಚುಕ್ಕೆ ಇನ್ನೂ ಸರಿಯಾದ ಜಾಗದಲ್ಲೇ ಇದೆಯಲ್ಲ! ಸುಮಾರು 20,200 ಕಿ.ಮೀ. ಮೇಲಿರುವ ಜಿಪಿಎಸ್ ಉಪಗ್ರಹಗಳಿಗೂ ಊರಿನ ಮೊಬೈಲ್ ಟವರಿಗೂ ಸಂಬಂಧವಿಲ್ಲ. ಟವರಿನಿಂದ ಬರುತ್ತಿದ್ದದ್ದು ಮ್ಯಾಪ್ ಮಾತ್ರ. ಅದು ನಿಂತುಹೋಗಿದೆ, ಅಷ್ಟೇ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಉಪಕರಣಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳುತ್ತೀರೋ ಅದಕ್ಕಿಂತ ಜಾಸ್ತಿ ಮ್ಯಾಪ್‌ಗೆ ಕೆಡಿಸಿಕೊಳ್ಳಿ. ಒಳ್ಳೆಯ ಮ್ಯಾಪ್ ಇರುವ ಹಳೆಯ ಉಪಕರಣ ಮನೆ ಮುಟ್ಟಿಸುತ್ತದೆ. ಮ್ಯಾಪ್ ಇಲ್ಲದ ಹೊಸ ಉಪಕರಣ ನೀವು ಎಲ್ಲಿ ದಾರಿ ತಪ್ಪಿದ್ದೀರಿ ಅನ್ನುವುದನ್ನು ಬಹಳ ನಿಖರವಾಗಿ ಹೇಳುತ್ತದೆ.

ಮೊದಲ ಪ್ರಶ್ನೆ: ಇದು ನಿಮಗೆ ಬೇಕಾ?

ಬೆಂಗಳೂರು-ಮೈಸೂರು, ಹುಬ್ಬಳ್ಳಿ-ಬೆಳಗಾವಿ ಓಡಾಟಕ್ಕೆ ಇದು ಖಂಡಿತ ಬೇಡ. ಅಪರೂಪಕ್ಕೆ ಮಲೆನಾಡಿಗೆ ಹೋಗುವವರಿಗೂ ಫೋನೇ ಸಾಕು. ಆಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ತರಹದ ಆ್ಯಪ್ ಹಾಕಿ, ಮನೆಯ ವೈಫೈನಲ್ಲೇ ಕರ್ನಾಟಕದ ಮ್ಯಾಪ್ ಇಳಿಸಿಕೊಂಡರೆ ಮುಗಿಯಿತು. ದುಡ್ಡೂ ಉಳಿಯುತ್ತದೆ.

ಕೆಲವರಿಗೆ ಮಾತ್ರ ಫೋನ್ ಸಾಲುವುದಿಲ್ಲ. ಸರ್ವೆ ಕೆಲಸದವರು, ಕಾಡಿನಂಚಿನಲ್ಲಿ ಗಿಡ, ಹಕ್ಕಿ, ಕಪ್ಪೆ ಅಂತ ಸುತ್ತುವವರು, ಜೀಪ್ ರಸ್ತೆಗಳಲ್ಲಿ ಓಡಾಡುವವರು, ಒಂದೇ ದಿನ ಹತ್ತಾರು ಹಳ್ಳಿ ಮುಟ್ಟಬೇಕಾದ ವ್ಯಾನ್‌ನವರು. ಇವರಿಗೆ ದಿನವಿಡೀ ಓಡುವ, ಮಳೆಗೆ ಹೆದರದ, ಬಿಸಿಲಲ್ಲಿ ಕಾಣುವ ಒಂದು ಚಿಕ್ಕ ಉಪಕರಣವೂ ಬೇಕು, ಇಡೀ ತಾಲ್ಲೂಕನ್ನು ಒಟ್ಟಿಗೆ ನೋಡಲು ಒಂದು ದೊಡ್ಡ ಪರದೆಯೂ ಬೇಕು. ಮುಂದಿನದೆಲ್ಲ ಅವರಿಗಾಗಿ.

ಹೆಜ್ಜೆ 1: ಯಾವ ಪರದೆ ಯಾರಿಗೆ?

ಇದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿ. ಹ್ಯಾಂಡ್‌ಹೆಲ್ಡ್ ಚಾಲಕನಿಗೆ. ಲ್ಯಾಪ್‌ಟಾಪ್ ಹಿಂದಿನ ದಿನ ರಾತ್ರಿ ದಾರಿ ಹಾಕಲು, ಮತ್ತು ಕಾರಿನಲ್ಲಿ ಜೊತೆಗೆ ಬರುವವರಿಗೆ. ಒಬ್ಬರೇ ಹೋಗುವುದಾದರೆ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರಲಿ.

ಇದು ಬರೀ ಬುದ್ಧಿವಾದ ಅಲ್ಲ. ಕೈಯಲ್ಲಿ ಹಿಡಿಯುವ ಉಪಕರಣವನ್ನು ಗಾಡಿ ಓಡಿಸುವಾಗ ದಾರಿ ನೋಡಲು ಮಾತ್ರ, ಅದೂ ಚಾಲಕನ ಗಮನ ಕೆಡದ ಹಾಗೆ ಬಳಸಬಹುದು ಅಂತ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ತಿದ್ದುಪಡಿ ಬಂದಿದೆ. ಸ್ಟೇರಿಂಗ್ ಪಕ್ಕದಲ್ಲಿ 14 ಇಂಚಿನ ಪರದೆ ತೆರೆದಿಟ್ಟುಕೊಂಡು "ಗಮನ ಕೆಡಲ್ಲ ಸಾರ್" ಅಂದರೆ ಯಾವ ಪೊಲೀಸರೂ ಒಪ್ಪುವುದಿಲ್ಲ. ಒಪ್ಪಲೂಬಾರದು.

ಹೆಜ್ಜೆ 2: ಹ್ಯಾಂಡ್‌ಹೆಲ್ಡ್ ಆರಿಸುವುದು

ನಮ್ಮಲ್ಲಿ ಸುಲಭವಾಗಿ ಸಿಗುವುದು ಗಾರ್ಮಿನ್ ಕಂಪನಿಯದು. ಅದರಲ್ಲಿ ಎರಡು ಸಾಲು ನೋಡಿದರೆ ಸಾಕು: ಇಟ್ರೆಕ್ಸ್ ಮತ್ತು ಜಿಪಿಎಸ್‌ಮ್ಯಾಪ್.

ಇಟ್ರೆಕ್ಸ್ ಚಿಕ್ಕದು, ಅಂಗೈಯಲ್ಲಿ ಕೂರುತ್ತದೆ. ಇಟ್ರೆಕ್ಸ್ 22ಎಕ್ಸ್ ಅನ್ನು ತೆಗೆದುಕೊಳ್ಳಿ. 2.2 ಇಂಚಿನ ಬಣ್ಣದ ಪರದೆ, 8 ಜಿಬಿ ಒಳಜಾಗ, ಮೈಕ್ರೊ ಎಸ್‌ಡಿ ಕಾರ್ಡ್ ಹಾಕುವ ಸಂದು, ಎರಡು ಎಎ ಸೆಲ್. ಕಂಪನಿ ಹೇಳುವ ಲೆಕ್ಕ 25 ಗಂಟೆ. ಪೆನ್ ಟಾರ್ಚಿಗೆ ಹಾಕುವ ಅದೇ ಸೆಲ್. ಶೃಂಗೇರಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ ಅನ್ನುವುದೇ ಇದರ ದೊಡ್ಡ ಗುಣ.

ಅದೇ ಸಾಲಿನಲ್ಲಿ 2023ರಲ್ಲಿ ಬಂದ ಇಟ್ರೆಕ್ಸ್ ಎಸ್‌ಇ ಇದೆ. ಎರಡು ಸೆಲ್‌ನಲ್ಲಿ 168 ಗಂಟೆವರೆಗೂ ಓಡುತ್ತದೆ ಅನ್ನುವುದನ್ನು ನೋಡಿ ಮರುಳಾಗಬೇಡಿ. ಅದರಲ್ಲಿ ಮ್ಯಾಪ್ ಹಾಕಲು ಬರುವುದಿಲ್ಲ. ಚಾರಣಕ್ಕೆ ಚೆನ್ನ, ಕಾರಿಗೆ ಉಪಯೋಗವಿಲ್ಲ. ಹಳೆಯ ಇಟ್ರೆಕ್ಸ್ 10ರ ಕಪ್ಪು-ಬಿಳುಪು ಪರದೆಗೂ ಇದೇ ಮಾತು.

ಜಿಪಿಎಸ್‌ಮ್ಯಾಪ್ 64, 65 ಸಾಲಿನವು ಸ್ವಲ್ಪ ದಪ್ಪ. ತಲೆಯ ಮೇಲೆ ಗಿಡ್ಡ ಕೊಂಬಿನಂತಹ ಆಂಟೆನಾ. ಪರದೆ 2.6 ಇಂಚು. ಗುಂಡಿಗಳು ದೊಡ್ಡವು, ಕುಲುಕಾಡುವ ಕಾರಿನಲ್ಲೂ ಬೆರಳಿಗೆ ಸಿಗುತ್ತವೆ. ಆಂಟೆನಾ ವ್ಯತ್ಯಾಸವನ್ನು ಅಂಗಡಿಯವರು ಹೇಳುವುದಿಲ್ಲ, ನೀವೇ ತಿಳಿದುಕೊಳ್ಳಿ. ಇಟ್ರೆಕ್ಸ್ ಒಳಗಿರುವುದು ಚಪ್ಪಟೆ ಬಿಲ್ಲೆಯಂತಹ ಆಂಟೆನಾ. ಅದು ಅಂಗಾತ ಮಲಗಿ ಆಕಾಶ ನೋಡಬೇಕು. ಕೊಂಬಿನದು ಸುರುಳಿ ಆಂಟೆನಾ, ನೆಟ್ಟಗೆ ನಿಲ್ಲಬೇಕು. ಕಾರಿನ ಹೋಲ್ಡರ್‌ನಲ್ಲಿ ಉಪಕರಣ ನಿಂತೇ ಇರುತ್ತದೆ ತಾನೆ? ಅದಕ್ಕೇ ದಟ್ಟ ಕಾಡಿನ ಘಾಟಿಗಳಲ್ಲಿ ಓಡಾಡುವವರಿಗೆ ನನ್ನ ಓಟು ಜಿಪಿಎಸ್‌ಮ್ಯಾಪ್ ಕಡೆಗೆ. ಬಯಲುಸೀಮೆಯವರಿಗೆ ಇಟ್ರೆಕ್ಸ್ ಧಾರಾಳವಾಯಿತು.

ಉಪಗ್ರಹಗಳ ವಿಷಯ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್ ಅಥವಾ ಯುರೋಪಿನ ಗೆಲಿಲಿಯೋ ಉಪಗ್ರಹಗಳನ್ನೂ ಹಿಡಿಯುವಂತಿರಲಿ. ಬೆಟ್ಟದ ಸಂದಿಯಲ್ಲಿ ಕಾಣುವ ಆಕಾಶವೇ ಚೂರು, ಆ ಚೂರಿನಲ್ಲಿ ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ಮಾತ್ರ ಎತ್ತರವೂ ಸೇರಿ ಜಾಗ ಸರಿಯಾಗಿ ಗೊತ್ತಾಗುವುದು. ನಮ್ಮದೇ ನಾವಿಕ್ ಪೆಟ್ಟಿಗೆ ಮೇಲೆ ಬರೆದಿದ್ದರೆ ಸಂತೋಷ, ಅದೊಂದಕ್ಕೇ ಹೆಚ್ಚು ದುಡ್ಡು ಕೊಡಬೇಡಿ. ಇನ್ನೊಂದು ಸ್ವದೇಶಿ ಸೌಲಭ್ಯವನ್ನು ಮಾತ್ರ ಬಿಡಬೇಡಿ, ಅದು ಗಗನ್. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ವಿಮಾನಗಳಿಗಾಗಿ ಮಾಡಿದ ವ್ಯವಸ್ಥೆ ಇದು. ಜಿಪಿಎಸ್ ಲೆಕ್ಕದ ತಪ್ಪನ್ನು ತಿದ್ದಿ ಉಪಗ್ರಹದ ಮೂಲಕ ಕಳಿಸುತ್ತದೆ. ಸೆಟ್ಟಿಂಗ್‌ನಲ್ಲಿ 'ವಾಸ್' ಅಥವಾ 'ವಾಸ್/ಎಗ್ನಾಸ್' ಅಂತ ಇರುವುದನ್ನು ಆನ್ ಮಾಡಿ (ಅಮೆರಿಕ, ಯುರೋಪಿನ ಇಂಥದೇ ವ್ಯವಸ್ಥೆಗಳ ಹೆಸರು ಅವು). ಉಪಗ್ರಹಗಳ ಪುಟದಲ್ಲಿ 40, 41 ನಂಬರ್ ಕಂಡು, ಉಳಿದ ಕಡ್ಡಿಗಳ ಮೇಲೆ 'ಡಿ' ಅಕ್ಷರ ಬಂದರೆ ಗಗನ್ ಸಿಕ್ಕಿದೆ ಅಂತ ಅರ್ಥ. ಅಂದಹಾಗೆ ಇದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ದೇಶದ ವಿಮಾನಗಳಿಗೆಲ್ಲ ಮೀಟರ್ ಲೆಕ್ಕದಲ್ಲಿ ದಾರಿ ತೋರಿಸುವ ಜಾಗದ ಹೊರಗೆ ಕಾರುಗಳು ಇಂಚು ಲೆಕ್ಕದಲ್ಲಿ ಸರಿಯುತ್ತಿರುತ್ತವೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದಿಂದ ಬರುವ ತಮ್ಮನಿಗೋ ಭಾವನಿಗೋ "ಒಂದು ಗಾರ್ಮಿನ್ ತಗೊಂಡು ಬಾ" ಅಂತ ಹೇಳುವವರು ಮಾದರಿಯ ಹೆಸರನ್ನು ಸರಿಯಾಗಿ ಬರೆದು ಕೊಡಿ. ಇನ್‌ರೀಚ್ ಅಂತ ಹೆಸರಿರುವವು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತವೆ. ಅನುಮತಿ ಇಲ್ಲದೆ ಅಂಥದನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಗೋವಾ, ದೆಹಲಿ ವಿಮಾನ ನಿಲ್ದಾಣಗಳಲ್ಲಿ ಇದಕ್ಕಾಗಿಯೇ ಪ್ರಯಾಣಿಕರನ್ನು ತಡೆದು ಕೇಸು ಹಾಕಿದ್ದಾರೆ. ಸಿಗ್ನಲ್ ಪಡೆಯುವ ಉಪಕರಣ ಸರಿ, ಕಳಿಸುವುದು ಬೇಡ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುತ್ತೀರಾ? ಆಗಬಹುದು. ಅಂಗಡಿಯ ಹೊರಗೆ ಆಕಾಶ ಕಾಣುವಲ್ಲಿ ನಿಂತು ಆನ್ ಮಾಡಿ, ಉಪಗ್ರಹ ಸಿಕ್ಕ ಮೇಲೆ ತಾರೀಖು ನೋಡಿ. ಜಿಪಿಎಸ್ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಕಳೆದ ಸಲ ಹೀಗಾದದ್ದು 2019ರ ಏಪ್ರಿಲ್ 6ರ ರಾತ್ರಿ. ಸಾಫ್ಟ್‌ವೇರ್ ತಿದ್ದದ ಹಳೆಯ ಉಪಕರಣಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತವೆ. ಜಾಗ ಸರಿಯಾಗಿಯೇ ಹೇಳಬಹುದು, ಆದರೆ ನಿಮ್ಮ ದಾಖಲೆಗಳೆಲ್ಲ ತಪ್ಪು ದಿನಕ್ಕೆ ಸೇರುತ್ತವೆ. ಸೆಲ್ ಇಡುವ ಜಾಗದಲ್ಲಿ ಹಸಿರು ಕಿಲುಬು, ಯುಎಸ್‌ಬಿ ಸಂದಿನ ಅಲುಗಾಟ, ಮುಚ್ಚಳದ ರಬ್ಬರ್ ಸವೆತ ಇಷ್ಟನ್ನೂ ನೋಡಿ.

ಹೆಜ್ಜೆ 3: ಲ್ಯಾಪ್‌ಟಾಪ್

ಇದಕ್ಕೆ ಹೊಸದು ಬೇಕಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ, ಯಾವುದೋ ಆಫೀಸಿನಿಂದ ಬಂದ ಹಳೆಯ 12-13 ಇಂಚಿನದು ಸಾಕು. 8 ಜಿಬಿ ರ‍್ಯಾಮ್ ಇದ್ದರೆ ಮ್ಯಾಪ್ ಸಲೀಸಾಗಿ ಓಡುತ್ತದೆ. ಮೂರು ವಿಷಯ ಮಾತ್ರ ಬಿಟ್ಟುಕೊಡಬೇಡಿ. ಒಂದು, ಎಸ್‌ಎಸ್‌ಡಿ ಇರಲೇಬೇಕು, ತಿರುಗುವ ಹಾರ್ಡ್ ಡಿಸ್ಕ್ ಗುಂಡಿ ರಸ್ತೆಯ ಹೊಡೆತ ತಡೆಯುವುದಿಲ್ಲ. ಎರಡು, ಪರದೆ ಹೊಳೆಯುವ ಗಾಜಿನದಾಗಿರಬಾರದು, ಮಧ್ಯಾಹ್ನದ ಬಿಸಿಲಿನಲ್ಲಿ ಅದರಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೂರು, ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವಂತಿರಲಿ. ಏಕೆ ಅನ್ನುವುದು ಕರೆಂಟಿನ ವಿಷಯ ಬಂದಾಗ ಗೊತ್ತಾಗುತ್ತದೆ.

ಹೆಜ್ಜೆ 4: ಮ್ಯಾಪ್ ಹಾಕುವುದು

ಜನರೇ ಸೇರಿ ಮಾಡುವ ಉಚಿತ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ಗಾರ್ಮಿನ್‌ಗೆ ಹೊಂದುವಂತೆ ಮಾಡಿ ಉಚಿತವಾಗಿ ಕೊಡುವ ತಾಣಗಳಿವೆ. ಅಲ್ಲಿಂದ ಭಾರತದ, ಅಥವಾ ದಕ್ಷಿಣ ಭಾರತದಷ್ಟರ ಮ್ಯಾಪ್ ಇಳಿಸಿಕೊಳ್ಳಿ. ಇಳಿಸುವಾಗ 'ರೂಟಬಲ್' ಅಂತ ಇದೆಯಾ ನೋಡಿ. ಅದಿಲ್ಲದಿದ್ದರೆ ರಸ್ತೆ ಕಾಣುತ್ತದೆ, ತಿರುವು ಹೇಳುವುದಿಲ್ಲ.

ಫೈಲ್ ಹೆಸರು ಸಾಮಾನ್ಯವಾಗಿ 'ಜಿಮ್ಯಾಪ್‌ಸಪ್ ಡಾಟ್ ಐಎಂಜಿ' ಅಂತ ಇರುತ್ತದೆ. ಮೆಮೊರಿ ಕಾರ್ಡಿನಲ್ಲಿ 'ಗಾರ್ಮಿನ್' ಅನ್ನುವ ಫೋಲ್ಡರ್ ಮಾಡಿ ಅದರೊಳಗೆ ಹಾಕಿ. ಕಾರ್ಡ್ 32 ಜಿಬಿ ಒಳಗಿನದು ಇರಲಿ, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ಈ ಮಾದರಿಯಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಇಡೀ ದೇಶವನ್ನು ಎತ್ತರದ ಗೆರೆಗಳ ಸಮೇತ ಹಾಕುವ ಆಸೆ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಮುಖ್ಯವಾದದ್ದು. ಇದೇ ಫೈಲನ್ನು ಲ್ಯಾಪ್‌ಟಾಪ್‌ಗೂ ಹಾಕಿ. ಕ್ಯೂಮ್ಯಾಪ್‌ಶ್ಯಾಕ್, ಜಿಪಿಎಕ್ಸ್‌ಸೀ ಅನ್ನುವ ಎರಡು ಉಚಿತ ಸಾಫ್ಟ್‌ವೇರ್‌ಗಳು ಗಾರ್ಮಿನ್‌ನ ಐಎಂಜಿ ಮ್ಯಾಪ್ ಅನ್ನು ನೇರವಾಗಿ ಓದುತ್ತವೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತವೆ. ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ನೋಡಿದ ಮ್ಯಾಪ್ ಮತ್ತು ಬೆಳಗ್ಗೆ ಡ್ಯಾಶ್‌ಬೋರ್ಡ್ ಮೇಲೆ ಕಾಣುವ ಮ್ಯಾಪ್ ಒಂದೇ ಆಗಿದ್ದರೆ ಅರ್ಧ ತಲೆನೋವು ತಪ್ಪುತ್ತದೆ. "ಅಲ್ಲಿ ರಸ್ತೆ ಇತ್ತು, ಇಲ್ಲಿ ಇಲ್ಲ" ಅನ್ನುವ ಗಲಾಟೆ ಇರುವುದಿಲ್ಲ.

ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ (ಬೆಟ್ಟ, ಹೊಳೆ ಎಲ್ಲ ತೋರಿಸುವ ಕಾಗದದ ನಕ್ಷೆ) ಸ್ಕ್ಯಾನ್ ಮಾಡಿ ಬಳಸುವವರಿಗೆ ಒಂದು ಮಾತು. ಡೇಟಮ್ ಅಂದರೆ ಅಕ್ಷಾಂಶ-ರೇಖಾಂಶ ಅಳೆಯಲು ಹಿಡಿದ ಆಧಾರ. ಅವು ಎವರೆಸ್ಟ್ ಡೇಟಮ್‌ನವು, ಜಿಪಿಎಸ್ ಕೊಡುವುದು ಡಬ್ಲ್ಯುಜಿಎಸ್84. ಡೇಟಮ್ ಬದಲಿಸದೆ ಒಂದರ ಮೇಲೊಂದು ಇಟ್ಟರೆ ನೂರು ಮೀಟರಿಗೂ ಜಾಸ್ತಿ ಜರುಗುತ್ತದೆ. ಹೊಳೆಯ ಈಚೆ ನಿಂತವರು ಮ್ಯಾಪಿನಲ್ಲಿ ಆಚೆ ಇರುತ್ತೀರಿ.

ಹೆಜ್ಜೆ 5: ದಾರಿ ಹಾಕುವುದು

ಎಲ್ಲರೂ ಎಡವುವುದು ಇಲ್ಲಿ. ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

ಶಿವಮೊಗ್ಗದಿಂದ ಕಾರ್ಕಳಕ್ಕೆ ಹೊರಟಿದ್ದೀರಿ ಅಂದುಕೊಳ್ಳಿ. ತೀರ್ಥಹಳ್ಳಿಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ಮೇಲೆ. ಇನ್ನೊಂದು ಕೊಪ್ಪ, ಶೃಂಗೇರಿ, ಕೆರೆಕಟ್ಟೆ ಮೇಲೆ, ಕುದುರೆಮುಖದ ಕಾಡು ಹಾದು ಮಾಳ, ಬಜಗೋಳಿಗೆ. ಹೇರ್‌ಪಿನ್ ತಿರುವು ಬೇಡ ಅಂತ ಎರಡನೆಯದನ್ನು ಆರಿಸಿ ಲ್ಯಾಪ್‌ಟಾಪ್‌ನಲ್ಲಿ ಚಂದ ಮಾಡಿ 'ರೂಟ್' ಹಾಕಿ ಉಪಕರಣಕ್ಕೆ ಕಳಿಸುತ್ತೀರಿ. ಬೆಳಗ್ಗೆ ಆನ್ ಮಾಡಿದರೆ ಅದು ಆಗುಂಬೆ ಕಡೆಗೆ ಕೈ ತೋರಿಸುತ್ತದೆ. ಏಕೆ?

ರೂಟ್ ಅಂದರೆ ಕೆಲವೇ ಬಿಂದುಗಳ ಪಟ್ಟಿ. ಅವುಗಳ ನಡುವಿನ ರಸ್ತೆಯನ್ನು ಹ್ಯಾಂಡ್‌ಹೆಲ್ಡ್ ತನ್ನ ಲೆಕ್ಕದಲ್ಲಿ ಹೊಸದಾಗಿ ಹುಡುಕುತ್ತದೆ. ನೀವು ಕೊಟ್ಟದ್ದು ಶಿವಮೊಗ್ಗ, ತೀರ್ಥಹಳ್ಳಿ, ಕಾರ್ಕಳ ಅಂತ ಮೂರೇ ಬಿಂದು ಆದರೆ, ನಡುವೆ ಅದಕ್ಕೆ ಹತ್ತಿರ ಅನ್ನಿಸಿದ್ದೇ ದಾರಿ. 'ಟ್ರ್ಯಾಕ್' ಹಾಗಲ್ಲ. ಅದು ರಸ್ತೆಯ ಉದ್ದಕ್ಕೂ ಸಾವಿರಾರು ಬಿಂದು ಇಟ್ಟು ಎಳೆದ ಗೆರೆ. ಅದನ್ನು ಉಪಕರಣ ಬದಲಿಸುವುದಿಲ್ಲ, ತೋರಿಸುತ್ತದೆ ಅಷ್ಟೇ. ಇಟ್ರೆಕ್ಸ್ 22ಎಕ್ಸ್ ಒಂದು ಟ್ರ್ಯಾಕಿನಲ್ಲಿ 10,000 ಬಿಂದು ಹಿಡಿಯುತ್ತದೆ. ಒಂದು ದಿನದ ಪ್ರಯಾಣಕ್ಕೆ ಬೇಕಾದಷ್ಟಾಯಿತು.

ಹಾಗಾಗಿ ಹೀಗೆ ಮಾಡಿ:

ಕ್ಯೂಮ್ಯಾಪ್‌ಶ್ಯಾಕ್‌ನಲ್ಲಿ ದಾರಿ ಹಾಕಿ. ಇಂಟರ್‌ನೆಟ್ ಇಲ್ಲದೆಯೂ ದಾರಿ ಹುಡುಕಲು ಅದರಲ್ಲಿ ರೂಟಿನೋ, ಬಿರೂಟರ್ ಅನ್ನುವ ವ್ಯವಸ್ಥೆಗಳಿವೆ. ಒಮ್ಮೆ ಡೇಟಾ ಇಳಿಸಿಟ್ಟುಕೊಂಡರೆ ಆಯಿತು. ಸಿಕ್ಕ ದಾರಿಯನ್ನು ಟ್ರ್ಯಾಕ್ ಆಗಿ ಬದಲಿಸಿ, ದಪ್ಪ ಕೆಂಪು ಬಣ್ಣ ಕೊಟ್ಟು ಜಿಪಿಎಕ್ಸ್ ಫೈಲ್ (ದಾರಿಯ ಬಿಂದುಗಳನ್ನು ಉಳಿಸುವ ಫೈಲ್ ಮಾದರಿ) ಮಾಡಿ ಉಪಕರಣಕ್ಕೆ ಹಾಕಿ. ತಿರುವು ಹೇಳುವ ಬೀಪ್ ಕೂಡ ಬೇಕಿದ್ದರೆ ರೂಟ್ ಅನ್ನೂ ಕಳಿಸಿ, ಆದರೆ ಕೊಪ್ಪ, ಶೃಂಗೇರಿ, ಕೆರೆಕಟ್ಟೆ, ಬಜಗೋಳಿ ಅಂತ ನಡುವೆ ಬಿಂದು ನೆಡಿ. ಬಿಂದುವನ್ನು ಊರಿನ ಮಧ್ಯದಲ್ಲಿ ಇಡಬೇಡಿ, ಊರು ದಾಟಿದ ಮೇಲೆ ಮುಖ್ಯರಸ್ತೆಯ ಮೇಲೇ ಇಡಿ. ಇಲ್ಲದಿದ್ದರೆ ಬಸ್‌ಸ್ಟ್ಯಾಂಡ್ ಒಳಗೆ ಹೋಗಿ ತಿರುಗಿಸಿಕೊಂಡು ಬಾ ಅನ್ನುತ್ತದೆ. ಉಪಕರಣದ ಸೆಟ್ಟಿಂಗ್‌ನಲ್ಲಿ ದಾರಿ ತಪ್ಪಿದಾಗ ತಾನೇ ಹೊಸ ದಾರಿ ಹುಡುಕುವುದನ್ನು 'ಕೇಳಿ ಮಾಡು' ಅಂತ ಇಡಿ. ಮಣ್ಣುರಸ್ತೆ ಬೇಡ ಅನ್ನುವ ಆಯ್ಕೆಯನ್ನೂ ಆನ್ ಮಾಡಿ. ಮಲೆನಾಡಿನಲ್ಲಿ ಹತ್ತಿರದ ದಾರಿ ಅಂತ ಒಳಗೆ ನುಗ್ಗಿದರೆ ಕೊನೆಗೆ ಸಿಗುವುದು ಕಾಫಿ ಎಸ್ಟೇಟಿನ ಗೇಟು, ಬೀಗ, ಮತ್ತು ಎರಡು ನಾಯಿ.

ಮ್ಯಾಪ್‌ಗೆ ರಸ್ತೆ ಗೊತ್ತು, ಹೊತ್ತು ಗೊತ್ತಿಲ್ಲ. ಬಂಡೀಪುರದ ರಸ್ತೆಗಳು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತವೆ. ಹ್ಯಾಂಡ್‌ಹೆಲ್ಡ್ ಮಾತ್ರ ರಾತ್ರಿ 10ಕ್ಕೂ ಗುಂಡ್ಲುಪೇಟೆಯಿಂದ ಊಟಿಗೆ ಸೀದಾ ಹೋಗು ಅನ್ನುತ್ತದೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು, ಅಂಥದೂ ಅದಕ್ಕೆ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಹಿಂದಿನ ದಿನದ ಪೇಪರ್ ನೋಡಿ, ಘಾಟಿ ಕೆಳಗಿನ ಹೋಟೆಲಿನವರನ್ನು ಕೇಳಿ. ಎರಡನೆಯ ದಾರಿಯ ಟ್ರ್ಯಾಕ್ ಕೂಡ ಬೇರೆ ಬಣ್ಣದಲ್ಲಿ ಹಾಕಿಟ್ಟುಕೊಳ್ಳಿ.

ಅಕ್ಷಾಂಶ-ರೇಖಾಂಶ ಟೈಪ್ ಮಾಡುವಾಗ ಅದನ್ನು ಬರೆದಿರುವ ಕ್ರಮ ನೋಡಿಕೊಳ್ಳಿ. ಆಗುಂಬೆ ಸುಮಾರು 13.508 ಡಿಗ್ರಿಯಲ್ಲಿದೆ. ಅದನ್ನೇ ಡಿಗ್ರಿ-ನಿಮಿಷದಲ್ಲಿ ಬರೆದರೆ 13 ಡಿಗ್ರಿ 30.5 ನಿಮಿಷ. ಯಾರೋ ವಾಟ್ಸ್ಆ್ಯಪ್‌ನಲ್ಲಿ "13 30.5" ಅಂತ ಕಳಿಸಿದ್ದನ್ನು ನೀವು 13.305 ಅಂತ ಹೊಡೆದರೆ 22 ಕಿ.ಮೀ. ದಕ್ಷಿಣಕ್ಕೆ, ಕುದುರೆಮುಖದ ಕಡೆಯ ಕಾಡಿಗೆ ಹೋಗುತ್ತೀರಿ. ಉಪಕರಣ, ಲ್ಯಾಪ್‌ಟಾಪ್, ಫೋನ್ ಮೂರರಲ್ಲೂ ದಶಾಂಶ ಡಿಗ್ರಿಯನ್ನೇ ಇಟ್ಟುಕೊಳ್ಳಿ.

ಹೆಜ್ಜೆ 6: ಲ್ಯಾಪ್‌ಟಾಪ್‌ಗೆ ಜಾಗ ತೋರಿಸುವುದು

ಹ್ಯಾಂಡ್‌ಹೆಲ್ಡ್ ಅನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಎರಡರಲ್ಲೂ ಕಾಣುತ್ತದೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಚುಚ್ಚಿದ ಕೂಡಲೇ ಗಾರ್ಮಿನ್ ತನ್ನನ್ನು ಪೆನ್‌ಡ್ರೈವ್ ಅಂದುಕೊಂಡು ಮ್ಯಾಪ್ ಮುಚ್ಚಿಬಿಡುತ್ತದೆ. ಕೆಲವು ಮಾದರಿಗಳ ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ಇಂಟರ್‌ಫೇಸ್ ಅನ್ನುವಲ್ಲಿ 'ಗಾರ್ಮಿನ್ ಸ್ಪ್ಯಾನರ್' ಆಯ್ಕೆ ಇದೆ. ಅದನ್ನಿಟ್ಟು, "ಸ್ಟೋರೇಜ್ ಆಗಬೇಕಾ?" ಅಂದಾಗ ಬೇಡ ಅಂದರೆ, ವಿಂಡೋಸ್‌ನಲ್ಲಿ ಸ್ಪ್ಯಾನರ್ ಸಾಫ್ಟ್‌ವೇರ್ ಅದನ್ನು ಸೀರಿಯಲ್ ಪೋರ್ಟ್ ಆಗಿ, ಅಂದರೆ ಜಾಗದ ಮಾಹಿತಿ ಸಾಲುಸಾಲಾಗಿ ಒಳಬರುವ ದಾರಿಯಾಗಿ ತೋರಿಸುತ್ತದೆ. ಕೆಲಸ ಆಗುತ್ತದೆ. ಆದರೂ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಚಾಲಕನ ಉಪಕರಣದಿಂದ ಹಿಂದಿನ ಸೀಟಿಗೆ ಕೇಬಲ್ ಎಳೆದರೆ, ಯಾರಾದರೂ ಕಾಲು ಹಾಕಿ ಎಳೆದಾಗ ಇಬ್ಬರಿಗೂ ದಾರಿ ಹೋಗುತ್ತದೆ.

ಅದರ ಬದಲು ಲ್ಯಾಪ್‌ಟಾಪ್‌ಗೇ ಬೇರೆ ಒಂದು ಯುಎಸ್‌ಬಿ ಜಿಪಿಎಸ್ ತೆಗೆದುಕೊಳ್ಳಿ. ಕೇರಂ ಸ್ಟ್ರೈಕರ್‌ನಷ್ಟು ದೊಡ್ಡ ಕಪ್ಪು ಬಿಲ್ಲೆ, ತಳದಲ್ಲಿ ಮ್ಯಾಗ್ನೆಟ್, ಉದ್ದ ವೈರು. ಒಳಗೆ ಯು-ಬ್ಲಾಕ್ಸ್ ಚಿಪ್ ಇರುವುದನ್ನೇ ಕೇಳಿ. ಹ್ಯಾಂಡ್‌ಹೆಲ್ಡ್‌ಗೆ ಹೋಲಿಸಿದರೆ ತೀರಾ ಅಗ್ಗ. ಕಾರಿನ ಚಾವಣಿ ಮೇಲೆ ಅಂಟಿಸಿ ವೈರನ್ನು ಹಿಂಬಾಗಿಲ ರಬ್ಬರ್ ಸಂದಿಯಿಂದ ಒಳಗೆ ತನ್ನಿ. ಸನ್‌ರೂಫ್ ಗಾಜಿನ ಮೇಲೆ ಅಂಟುವುದಿಲ್ಲ, ತಗಡಿನ ಮೇಲೆ ಇಡಿ. ಎರಡೂ ಉಪಕರಣ ಬೇರೆ ಬೇರೆ ಇರುವುದರಿಂದ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ.

ಹಳೆಯ ಬಿಲ್ಲೆಗಳಲ್ಲಿ ಬೇರೆ ಯುಎಸ್‌ಬಿ-ಸೀರಿಯಲ್ ಚಿಪ್ ಇರುತ್ತದೆ. ಹೊಸ ವಿಂಡೋಸ್‌ನಲ್ಲಿ ಅವಕ್ಕೆ ಡ್ರೈವರ್ ಒಗ್ಗದೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 10 ಅಂತ ಬರುವುದುಂಟು. ಅದಕ್ಕೇ ವಾಪಸ್ ಕೊಡಲು ಒಪ್ಪುವ ಕಡೆಯಲ್ಲೇ ಕೊಳ್ಳಿ.

ಚುಚ್ಚಿದ ಮೇಲೆ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ಪೋರ್ಟ್ಸ್' ಕೆಳಗೆ ಕಾಮ್ 3, ಕಾಮ್ 5 ಹೀಗೆ ಒಂದು ನಂಬರ್ ಕಾಣಬೇಕು. ಅದರ ಬದಲು ಲೊಕೇಶನ್ ಸೆನ್ಸರ್ ಅಂತ ಮಾತ್ರ ಕಂಡರೆ, ವಿಂಡೋಸ್ ತನ್ನ ಸೆನ್ಸರ್ ಡ್ರೈವರ್ ಹಾಕಿಕೊಂಡಿದೆ. ಸೀರಿಯಲ್ ಪೋರ್ಟ್ ಕೇಳುವ ಮ್ಯಾಪ್ ಸಾಫ್ಟ್‌ವೇರ್‌ಗೆ ಅದು ಕಾಣುವುದಿಲ್ಲ. ಡ್ರೈವರ್ ಬದಲಿಸಿ 'ಯುಎಸ್‌ಬಿ ಸೀರಿಯಲ್ ಡಿವೈಸ್' ಆರಿಸಿ.

ಇನ್ನೊಂದು ವಿಚಿತ್ರ ಇದೆ, ಗೊತ್ತಿಲ್ಲದವರು ಹೆದರಿಬಿಡುತ್ತಾರೆ. ಜಿಪಿಎಸ್ ಚುಚ್ಚಿದ ತಕ್ಷಣ ಮೌಸ್ ಬಾಣ ಪರದೆ ತುಂಬ ಹುಚ್ಚೆದ್ದು ಕುಣಿಯುತ್ತದೆ, ತಾನೇ ಕ್ಲಿಕ್ ಮಾಡುತ್ತದೆ, ಫೈಲ್‌ಗಳು ತೆರೆಯುತ್ತವೆ. ವೈರಸ್ ಅಲ್ಲ. ಸೀರಿಯಲ್ ಪೋರ್ಟಿನಿಂದ ಅಕ್ಷರಗಳು ಬರುವುದನ್ನು ಕಂಡು ವಿಂಡೋಸ್ ಅದನ್ನು ಹಳೇ ಕಾಲದ ಸೀರಿಯಲ್ ಮೌಸ್ ಅಂದುಕೊಂಡಿದೆ. ಜಿಪಿಎಸ್ ಕಿತ್ತು ಮತ್ತೆ ಚುಚ್ಚಿ, ಡಿವೈಸ್ ಮ್ಯಾನೇಜರ್‌ನ 'ಮೈಸ್' ಪಟ್ಟಿಯಲ್ಲಿ ಹೊಸದಾಗಿ ಬಂದ 'ಮೈಕ್ರೋಸಾಫ್ಟ್ ಸೀರಿಯಲ್ ಬಾಲ್‌ಪಾಯಿಂಟ್' ಅನ್ನುವುದನ್ನು ಹುಡುಕಿ ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಬೇಡಿ, ಮುಂದಿನ ಸಲ ಮತ್ತೆ ಬರುತ್ತದೆ.

ಒಳಗೆ ಏನು ಬರುತ್ತಿದೆ ಅಂತ ಒಮ್ಮೆ ನೋಡಿಬಿಟ್ಟರೆ ಆಮೇಲೆ ಧೈರ್ಯ. ಪುಟಿ ತರಹದ ಟರ್ಮಿನಲ್‌ನಲ್ಲಿ (ಪೋರ್ಟಿನಿಂದ ಬರುವ ಅಕ್ಷರಗಳನ್ನು ಹಾಗೇ ತೋರಿಸುವ ಸಾಫ್ಟ್‌ವೇರ್) ಆ ಕಾಮ್ ಪೋರ್ಟನ್ನು 9600 ವೇಗದಲ್ಲಿ ತೆರೆಯಿರಿ. ಹಳೆಯದಾದರೆ 4800. ಇಂಥ ಸಾಲುಗಳು ಓಡುತ್ತವೆ (ಪರದೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುತ್ತವೆ):

$ಜಿಪಿಆರ್‌ಎಂಸಿ,053412.00,ಎ,1330.5220,ಎನ್,07505.7540,ಇ,21.6

ಮೊದಲನೆಯ ಸಂಖ್ಯೆ ಸಮಯ, ಗ್ರೀನಿಚ್ ಲೆಕ್ಕದ್ದು. 05:34ಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ 11:04. 'ಎ' ಅಂದರೆ ಜಾಗ ಸಿಕ್ಕಿದೆ, ಅಲ್ಲಿ 'ವಿ' ಇದ್ದರೆ ಇನ್ನೂ ಹುಡುಕುತ್ತಿದೆ. ಮುಂದಿನದು 13 ಡಿಗ್ರಿ 30.522 ನಿಮಿಷ ಉತ್ತರ, 75 ಡಿಗ್ರಿ 5.754 ನಿಮಿಷ ಪೂರ್ವ. ಅದೇ ಆಗುಂಬೆ. ಕೊನೆಯ 21.6 ವೇಗ, ಹಡಗಿನವರ ನಾಟ್ ಲೆಕ್ಕದಲ್ಲಿ. 1.852ರಿಂದ ಗುಣಿಸಿದರೆ ಗಂಟೆಗೆ 40 ಕಿ.ಮೀ. ಇದಿಷ್ಟು ಕಂಡರೆ ಜಿಪಿಎಸ್, ಕೇಬಲ್, ಡ್ರೈವರ್ ಮೂರೂ ಸರಿ ಇವೆ. ಇನ್ನೂ ಮ್ಯಾಪ್‌ನಲ್ಲಿ ಚುಕ್ಕೆ ಬರುತ್ತಿಲ್ಲ ಅಂದರೆ ತಪ್ಪು ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲೇ ಇದೆ. ನೋಡಿ ಆದಮೇಲೆ ಟರ್ಮಿನಲ್ ಮುಚ್ಚಿ. ಒಂದು ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಸಾಫ್ಟ್‌ವೇರ್ ಬಳಸಬಹುದು.

ನಂತರ ಜಿಪಿಎಕ್ಸ್‌ಸೀಯಲ್ಲಿ ಜಾಗದ ಮೂಲವಾಗಿ ಎನ್‌ಎಂಇಎ (ಮೇಲೆ ಕಂಡ ಸಾಲುಗಳ ಮಾದರಿಯ ಹೆಸರು), ಮತ್ತು ನಿಮ್ಮ ಪೋರ್ಟ್ ನಂಬರ್ ಆರಿಸಿ. ಮ್ಯಾಪ್ ತೆರೆದು, ಕೆಂಪು ಟ್ರ್ಯಾಕ್ ಹಾಕಿದರೆ ಅದರ ಮೇಲೆ ಚುಕ್ಕೆ ಸರಿಯುತ್ತದೆ. ಅದು ತಿರುವು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಹಿಂದೆ ಕೂತವರು "ಮುಂದೆ ಸೇತುವೆ ಆದ ಮೇಲೆ ಎಡಕ್ಕೆ" ಅಂದರೆ ಆಯಿತು. ಲಿನಕ್ಸ್‌ನವರಿಗೆ ಜಿಪಿಎಸ್‌ಡಿ ಇದೆ. ಅದು ಒಂದೇ ಜಿಪಿಎಸ್ ಅನ್ನು ಹಲವು ಸಾಫ್ಟ್‌ವೇರ್‌ಗಳಿಗೆ ಹಂಚುತ್ತದೆ. ನ್ಯಾವಿಟ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಮಾತಾಡಿ ತಿರುವು ಹೇಳುವ ವ್ಯವಸ್ಥೆಯೂ ಸಿಗುತ್ತದೆ.

ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಆಫ್ ಮಾಡಿ. ಸುಮ್ನೆ ಬ್ಯಾಟರಿ ಉಳಿಸಲು ಹೋಗಿ ದಾರಿ ಮಧ್ಯೆ ಜಿಪಿಎಸ್ ಮಲಗಿಸಿಬಿಡುತ್ತದೆ.

ಹೆಜ್ಜೆ 7: ಕರೆಂಟು

ಇನ್ವರ್ಟರ್ ಹಾಕಿ, ಅದಕ್ಕೆ ಲ್ಯಾಪ್‌ಟಾಪ್ ಚಾರ್ಜರ್ ಹಾಕುವುದು ಹಳೆಯ ಪದ್ಧತಿ. 12 ವೋಲ್ಟನ್ನು 230 ಮಾಡಿ, ಮತ್ತೆ 19-20ಕ್ಕೆ ಇಳಿಸುವುದು ಯಾಕೆ ಹೇಳಿ? ಶಾಖ, ಫ್ಯಾನ್ ಸದ್ದು, ನಷ್ಟ. 65 ವ್ಯಾಟ್‌ನ ಯುಎಸ್‌ಬಿ-ಸಿ ಪಿಡಿ (ಪವರ್ ಡೆಲಿವರಿ) ಕಾರ್ ಚಾರ್ಜರ್ ಬೆರಳಿನಷ್ಟಿರುತ್ತದೆ, ಸೀದಾ ಲೈಟರ್ ಸಾಕೆಟ್‌ಗೆ ಕೂರುತ್ತದೆ. ಹಳೆಯ ದುಂಡು ಪಿನ್ನಿನ ಲ್ಯಾಪ್‌ಟಾಪ್ ಆದರೆ ಇನ್ವರ್ಟರ್ ಬೇಕಾಗಬಹುದು. ಆಗ 150 ವ್ಯಾಟ್‌ನದು ಸಾಕು. ಆದರೆ ಸಾಕೆಟ್‌ನ ಫ್ಯೂಸ್ 10 ಆಂಪಿಯರ್ ಇದ್ದರೆ ಅದರಿಂದ ಸಿಗುವುದೇ 120 ವ್ಯಾಟ್ ಅನ್ನುವುದು ನೆನಪಿರಲಿ. ಅದೇ ಸಾಕೆಟ್‌ಗೆ ಟೈರಿನ ಗಾಳಿ ಪಂಪು, ಕೆಟಲ್ ಅಂತ ಸೇರಿಸಬೇಡಿ. ಒಂದೆರಡು ಹೆಚ್ಚುವರಿ ಫ್ಯೂಸ್ ಡ್ಯಾಶ್‌ಬೋರ್ಡ್ ಖಾನೆಯಲ್ಲಿರಲಿ.

ಹ್ಯಾಂಡ್‌ಹೆಲ್ಡ್ ಸೆಲ್ ಮೇಲೇ ಓಡಲಿ. ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿದರೆ ಸೆಟ್ಟಿಂಗ್‌ನಲ್ಲಿ ಸೆಲ್ ಮಾದರಿ ಬದಲಿಸಿ, ಇಲ್ಲದಿದ್ದರೆ ಬ್ಯಾಟರಿ ಗುರುತು ಸುಳ್ಳು ಹೇಳುತ್ತದೆ.

ಹೆಜ್ಜೆ 8: ಕಾರಿನಲ್ಲಿ ಎಲ್ಲಿ ಇಡುವುದು?

ಹ್ಯಾಂಡ್‌ಹೆಲ್ಡ್ ಜಾಗ ಚಾಲಕನ ಬಲಗಡೆ ಕಂಬದ ಹತ್ತಿರ, ಡ್ಯಾಶ್‌ಬೋರ್ಡ್ ಮೇಲೆ, ರಸ್ತೆ ಮರೆಯಾಗದ ಹಾಗೆ ತಗ್ಗಿನಲ್ಲಿ. ಗಾಜಿಗೆ ಅಂಟುವ ಹೋಲ್ಡರ್ ಬೇಸಿಗೆಯಲ್ಲಿ ಬಿದ್ದೇ ಬೀಳುತ್ತದೆ. ಡ್ಯಾಶ್‌ಬೋರ್ಡ್‌ಗೆ ಸ್ಕ್ರೂ ಅಥವಾ ಏರ್‌ವೆಂಟ್ ಹಿಡಿಕೆ ಗಟ್ಟಿ. ಕೆಲವು ಕಾರುಗಳ ಮುಂದಿನ ಗಾಜಿಗೆ ಶಾಖ ತಡೆಯುವ ಲೋಹದ ಪದರ ಇರುತ್ತದೆ, ಅದರ ಕೆಳಗೆ ಸಿಗ್ನಲ್ ಸೊರಗುತ್ತದೆ. ಉಪಗ್ರಹಗಳ ಪುಟ ತೆರೆದು ಕಾರಿನ ಒಳಗೊಮ್ಮೆ ಹೊರಗೊಮ್ಮೆ ಹಿಡಿದು ನೋಡಿದರೆ ಕಡ್ಡಿಗಳ ಎತ್ತರದಲ್ಲೇ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್ ಹಿಂದಿನ ಸೀಟಿನವರ ತೊಡೆ ಮೇಲೆ. ಮುಂದಿನ ಎಡ ಸೀಟಿನಲ್ಲಿ ತೆರೆದಿಟ್ಟುಕೊಳ್ಳುವುದು ಅಪಾಯ. ಹೊಸ ಮಾದರಿಯ ಕಾರುಗಳಲ್ಲಿ 2021ರ ಏಪ್ರಿಲ್‌ನಿಂದ ಆ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. ಅದು ಬಿಚ್ಚಿಕೊಂಡರೆ ತೆರೆದ ಪರದೆಯನ್ನು ನೇರ ಎದೆಗೆ, ಮುಖಕ್ಕೆ ಬಡಿಯುತ್ತದೆ. ಘಾಟಿಯಲ್ಲಿ ಪರದೆ ನೋಡುತ್ತಾ ಕೂತವರಿಗೆ ವಾಂತಿ ಬರುತ್ತದೆ ಅನ್ನುವುದೂ ಗಮನದಲ್ಲಿರಲಿ. ತಿರುವುಗಳು ಶುರುವಾಗುವ ಮೊದಲೇ ದಾರಿ ನೋಡಿ ಮುಚ್ಚಿಡುವುದು ಒಳ್ಳೆಯದು.

ಹೆಜ್ಜೆ 9: ಹೊರಡುವ ಮೊದಲು, ಬಂದ ಮೇಲೆ

ಗೊತ್ತಿರುವ ದಾರಿಯಲ್ಲಿ ಒಂದು ಭಾನುವಾರ ಓಡಿಸಿ ನೋಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಲ್ಯಾಪ್‌ಟಾಪ್ ವೈಫೈ ಆಫ್ ಮಾಡಿ. ಮ್ಯಾಪ್ ಎಲ್ಲೋ ಗುಟ್ಟಾಗಿ ಇಂಟರ್‌ನೆಟ್ ಬಳಸುತ್ತಿದ್ದರೆ ಆಗಲೇ ಸಿಕ್ಕಿಬೀಳುತ್ತದೆ.

ಬಹಳ ದಿನ ಆಫ್ ಆಗಿದ್ದ, ಅಥವಾ ದೂರದ ಊರಿನಿಂದ ತಂದ ಉಪಕರಣಕ್ಕೆ ಉಪಗ್ರಹಗಳ ಪಟ್ಟಿ ಹೊಸದಾಗಿ ಬೇಕು. ಆ ಪೂರ್ತಿ ಪಟ್ಟಿ ಮೇಲಿನಿಂದ ಇಳಿಯಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಆದ್ದರಿಂದ ಮನೆ ಅಂಗಳದಲ್ಲಿ ಬ್ಯಾಗು ತುಂಬುವಾಗಲೇ ಆನ್ ಮಾಡಿ ಕಾರಿನ ಬಾನೆಟ್ ಮೇಲಿಡಿ. ಹೊರಡುವಾಗ ಅಲ್ಲೇ ಬಿಟ್ಟು ಹೋಗಬೇಡಿ, ಅಷ್ಟೇ.

ವಾಪಸ್ ಬಂದ ಮೇಲೆ ಟ್ರ್ಯಾಕ್ ಅನ್ನು ಲ್ಯಾಪ್‌ಟಾಪ್‌ಗೆ ಇಳಿಸಿ, ಊರಿನ ಹೆಸರು, ತಿಂಗಳು ಹಾಕಿ ಉಳಿಸಿಕೊಳ್ಳಿ. ಮ್ಯಾಪ್‌ನಲ್ಲಿ ಇಲ್ಲದ ರಸ್ತೆ, ಬಿದ್ದ ಸೇತುವೆ, ತಪ್ಪು ಹೆಸರು ಕಂಡಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು ನೀವೇ ತಿದ್ದಬಹುದು. ಹಳ್ಳಿಯ ಹೆಸರನ್ನು ಕನ್ನಡದಲ್ಲಿ ಬರೆಯಲು ಅಲ್ಲಿ ಬೇರೆ ಜಾಗವೇ ಇದೆ. ಮುಂದಿನ ತಿಂಗಳು ಇಳಿಸುವ ಮ್ಯಾಪ್‌ನಲ್ಲಿ ಅದು ನಿಮಗೇ ಕಾಣುತ್ತದೆ. ಇನ್ನು ಹ್ಯಾಂಡ್‌ಹೆಲ್ಡ್ ಅನ್ನು ಬೀರುವಿನಲ್ಲಿ ಇಡುವ ಮೊದಲು ಸೆಲ್ ಎರಡನ್ನೂ ತೆಗೆದುಬಿಡಿ. ಒಳಗೇ ಬಿಟ್ಟ ಸೆಲ್ ಸೋರಿ, ಕಿಲುಬು ಹಿಡಿದು ಉಪಕರಣವೇ ಹಾಳಾಗುತ್ತದೆ.